ಟ್ರಕ್ ಎಸಿ: ಎರಡು ಸಲ ಗ್ಯಾಸ್ ತುಂಬಿಸಿದರೂ ಮೂರೇ ವಾರಕ್ಕೆ ಬಿಸಿಗಾಳಿ

ಹತ್ತು ಚಕ್ರ
ಎಲ್ಲರಿಗೂ ನಮಸ್ಕಾರ. ಎರಡೂವರೆ ತಿಂಗಳಿಂದ ಈ ಎಸಿ ನನ್ನ ತಲೆ ತಿನ್ನುತ್ತಿದೆ. ಗಾಡಿ ಆರು ವರ್ಷದ್ದು. ಎಂಜಿನ್ ಸೀಟಿನ ಕೆಳಗಿರುವ ಥರದ್ದು, ಕ್ಯಾಬಿನ್ ಮುಂದಕ್ಕೆ ಬಗ್ಗಿಸಿ ಎತ್ತಬೇಕು. 24 ವೋಲ್ಟ್. ಸ್ಟಿಕ್ಕರಿನಲ್ಲಿ ಆರ್-134ಎ, 950 ಗ್ರಾಂ ಅಂತ ಬರೆದಿದೆ.

ಮೊದಲ ಸಲ ಗ್ಯಾಸ್ ತುಂಬಿಸಿದಾಗ ಒಳ್ಳೆ ಚಳಿ. ಮೂರು ವಾರ ಕಳೆಯುವಷ್ಟರಲ್ಲಿ ತಂಪು ಕಮ್ಮಿಯಾಗುತ್ತಾ ಬಂತು, ಒಂದು ಮಧ್ಯಾಹ್ನ ಪೂರ್ತಿ ಬಿಸಿಗಾಳಿ. ಎರಡನೇ ಸಲವೂ ಅದೇ ಕಥೆ. ಮೆಕ್ಯಾನಿಕ್ ಕ್ಯಾಬಿನ್ ಎತ್ತಿ ಎಲ್ಲಾ ಜಾಯಿಂಟಿಗೂ ಸೋಪಿನ ನೀರು ಹಾಕಿ ನೋಡಿದರು, ಒಂದು ಗುಳ್ಳೆಯೂ ಬರಲಿಲ್ಲ. "ಗ್ಯಾಸ್ ಅಂದ್ಮೇಲೆ ಖಾಲಿ ಆಗೇ ಆಗುತ್ತೆ" ಅಂದರು. ಮೂರನೇ ಸಲ ಹೋಗಲು ಮನಸ್ಸಿಲ್ಲ. ಗ್ಯಾಸಿನ ಒತ್ತಡ ಅಳೆಯುವ ಗೇಜ್ ಸೆಟ್ ತಂದಿಟ್ಟುಕೊಂಡಿದ್ದೇನೆ, ಸ್ವಲ್ಪ ಕೈ ಕೆಲಸ ಗೊತ್ತು. ಎಲ್ಲಿಂದ ಶುರು ಮಾಡಲಿ?

ಹಳೇ ಸ್ಪ್ಯಾನರ್
ಅಣ್ಣ, ಎಸಿ ಗ್ಯಾಸ್ ಡೀಸೆಲ್ ಅಲ್ಲ. ಉರಿದು ಮುಗಿಯುವುದಿಲ್ಲ. ತುಂಬಿದ್ದು ಅಲ್ಲೇ ಸುತ್ತು ಹೊಡೆಯುತ್ತಿರುತ್ತದೆ. ಕಂಪ್ರೆಸರ್ ಒತ್ತುತ್ತದೆ, ಕಂಡೆನ್ಸರಿನಲ್ಲಿ ಬಿಸಿ ಬಿಟ್ಟು ದ್ರವವಾಗುತ್ತದೆ, ಎಕ್ಸ್‌ಪ್ಯಾನ್ಷನ್ ವಾಲ್ವ್ ದಾಟಿ ಒಳಗಿನ ಕೂಲಿಂಗ್ ಕಾಯಿಲಿನಲ್ಲಿ ಕುದ್ದು ತಂಪು ಕೊಡುತ್ತದೆ, ಮತ್ತೆ ಕಂಪ್ರೆಸರಿಗೆ. ರಬ್ಬರ್ ಪೈಪಿನಿಂದ, ಕಂಪ್ರೆಸರ್ ಶಾಫ್ಟ್ ಸೀಲಿನಿಂದ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಜಿನುಗುವುದು ನಿಜ. ಆದರೆ ಮೂರು ವಾರದಲ್ಲಿ ಇಷ್ಟು ಹೋಯಿತು ಅಂದರೆ ಎಲ್ಲೋ ತೂತು ಇದೆ. ಅದು ಸಿಗುವ ತನಕ ಹೊಸ ಗ್ಯಾಸ್ ಮುಟ್ಟಬೇಡಿ.

ಮೊದಲು ಎಂಜಿನ್ ನಿಲ್ಲಿಸಿ, ಗಾಡಿ ತಣ್ಣಗಾದ ಮೇಲೆ ಎರಡೂ ಗೇಜ್ ಎಷ್ಟು ತೋರಿಸುತ್ತವೆ ನೋಡಿ. ಜೊತೆಗೆ ಹೊರಗಿನ ಬಿಸಿ ಎಷ್ಟಿತ್ತು ಅಂತಲೂ ಬರೆಯಿರಿ.

ಹತ್ತು ಚಕ್ರ
ಹೊರಗೆ 30 ಡಿಗ್ರಿ. ಎರಡೂ ಕಡೆ 22 ಪಿಎಸ್‌ಐ. ಎಂಜಿನ್ ಚಾಲೂ ಮಾಡಿ ಎಸಿ ಹಾಕಿದರೆ, ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ ಕಚ್ಚುವುದೇ ಇಲ್ಲ. ಟಕ್ ಅನ್ನುವ ಸದ್ದೂ ಇಲ್ಲ.

ಫ್ಯೂಸ್
ಪ್ರೆಶರ್ ಸ್ವಿಚ್ಚಿನ ಸಾಕೆಟ್ ಕಿತ್ತು ಎರಡು ಪಿನ್ನಿಗೆ ವೈರ್ ಕೊಟ್ಟುಬಿಡಿ ಬ್ರದರ್. ಕ್ಲಚ್ ಕಚ್ಚುತ್ತೆ. ನಾನು ಹಂಗೇ ಓಡಿಸಿದ್ದೀನಿ.

ಗೇಜ್ ಹಿಡಿದವಳು
ದಯವಿಟ್ಟು ಹಾಗೆ ಮಾಡಬೇಡಿ. ಸ್ವಿಚ್ ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. ಒತ್ತಡ ಸುಮಾರು 2 ಬಾರ್‌ಗಿಂತ, ಅಂದರೆ 28-30 ಪಿಎಸ್‌ಐಗಿಂತ ಕೆಳಗಿದ್ದರೆ ಕ್ಲಚ್ಚಿಗೆ ಕರೆಂಟ್ ಬಿಡಬಾರದು ಅಂತಲೇ ಅದನ್ನು ಇಟ್ಟಿರುವುದು. ಕಂಪ್ರೆಸರಿಗೆ ಬೇರೆ ಆಯಿಲ್ ಪಂಪ್ ಇಲ್ಲ. ಗ್ಯಾಸ್ ಜೊತೆ ಸುತ್ತಿ ಬರುವ ಆಯಿಲೇ ಅದಕ್ಕೆ ಗತಿ. ಗ್ಯಾಸ್ ಇಲ್ಲದೆ ತಿರುಗಿಸಿದರೆ ಆಯಿಲ್ ವಾಪಸ್ ಬರುವುದಿಲ್ಲ, ಒಳಗೆ ಉಜ್ಜಿ ಲೋಹದ ಪುಡಿ ಎಲ್ಲಾ ಕಡೆ ಹರಡುತ್ತದೆ. ಆಮೇಲೆ ಕಂಪ್ರೆಸರ್ ಒಂದೇ ಅಲ್ಲ, ಕಂಡೆನ್ಸರ್ ಕೂಡ ಬದಲಿಸಬೇಕು. ಈಗಿನ ಕಂಡೆನ್ಸರುಗಳ ಸಣ್ಣ ಸಣ್ಣ ಕೊಳವೆಯಲ್ಲಿ ಆ ಪುಡಿ ಸಿಕ್ಕಿಕೊಂಡರೆ ತೊಳೆದರೂ ಹೋಗುವುದಿಲ್ಲ.

22 ಪಿಎಸ್‌ಐ ಬಗ್ಗೆ ಒಂದು ಮಾತು. ಆರ್-134ಎ ಒಂದು ತೊಟ್ಟು ದ್ರವವಾಗಿ ಒಳಗಿದ್ದರೂ 30 ಡಿಗ್ರಿಯಲ್ಲಿ ನಿಂತ ಗಾಡಿಯ ಗೇಜ್ 97 ಹತ್ತಿರ ತೋರಿಸಬೇಕು. 20 ಡಿಗ್ರಿ ಇದ್ದರೆ 68. ನಿಮ್ಮದು 22 ಅಂದರೆ ದ್ರವ ಪೂರ್ತಿ ಹೋಗಿದೆ, ಬರೀ ಆವಿ ಉಳಿದಿದೆ.

ಇದರ ಇನ್ನೊಂದು ಮುಖ ಬಹಳ ಜನಕ್ಕೆ ಗೊತ್ತಿಲ್ಲ. ನಿಂತ ಗಾಡಿಯಲ್ಲಿ 97 ಬಂತು ಅಂದ ಮಾತ್ರಕ್ಕೆ ಗ್ಯಾಸ್ ಫುಲ್ ಅಂತ ಅಲ್ಲ. 300 ಗ್ರಾಂ ಇದ್ದರೂ 97, 900 ಇದ್ದರೂ 97. ಹಾಗಾಗಿ "ಗೇಜ್ ನೋಡಿ ತುಂಬಿದೆ" ಅನ್ನುವವರನ್ನು ನಾನು ನಂಬುವುದಿಲ್ಲ. ತಕ್ಕಡಿ ಇಟ್ಟು ತೂಕ ಮಾಡಿ ತುಂಬಬೇಕು.

ಲೋಡ್ ಗಾಡಿ
ಇಷ್ಟೆಲ್ಲಾ ಯಾಕೆ? ಲೀಕ್ ಮುಚ್ಚುವ ಡಬ್ಬಿ ಬರುತ್ತಲ್ಲ, ಗ್ಯಾಸ್ ಜೊತೆ ಅದನ್ನೂ ಒಳಗೆ ಬಿಟ್ಟರೆ ಆಯ್ತು.

ಹಳೇ ಸ್ಪ್ಯಾನರ್
ಆ ಡಬ್ಬಿ ನಾನೂ ಒಂದು ಸಲ ಹಾಕಿದವನೇ. ಬುದ್ಧಿ ಬಂತು. ತೇವ ಸಿಕ್ಕಿದ ಕಡೆ ಗಟ್ಟಿಯಾಗುವುದು ಅದರ ಗುಣ. ತೂತಿನ ಬಾಯಲ್ಲೇ ಗಟ್ಟಿಯಾಗಬೇಕು ಅಂತ ಅದಕ್ಕೆ ಯಾರು ಹೇಳಬೇಕು? ನನ್ನ ಗಾಡಿಯಲ್ಲಿ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸೂಜಿ ಬಾಯಲ್ಲಿ ಅಂಟು ಥರ ಕೂತಿತ್ತು. ಅದು ಹಾಕಿದ ಗಾಡಿಯನ್ನು ಎಷ್ಟೋ ಕಡೆ ತಮ್ಮ ಗ್ಯಾಸ್ ಎಳೆಯುವ ಮಶಿನ್ನಿಗೆ ಜೋಡಿಸುವುದಕ್ಕೇ ಬಿಡುವುದಿಲ್ಲ, ಮಶಿನ್ ಕೆಡುತ್ತದೆ ಅಂತ. ಇವರ ಗಾಡಿಯಲ್ಲಿ ಈಗಾಗಲೇ ಹಾಕಿಲ್ಲ ತಾನೇ?

ಹತ್ತು ಚಕ್ರ
ಇಲ್ಲ ಅಣ್ಣ, ಕೇಳಿ ಖಾತ್ರಿ ಮಾಡಿಕೊಂಡೆ. ಹಾಕಿಲ್ಲ.

ಸೋಪಿನ ನೀರು ನಾನೂ ಹಾಕಿ ನೋಡಿದೆ. ಏನೂ ಇಲ್ಲ. ಬ್ರೇಕಿಗೆ ಏರ್ ಟ್ಯಾಂಕ್ ಇದೆಯಲ್ಲ, ಅದರಿಂದ ಒಂದು ಪೈಪ್ ಎಳೆದು ಒತ್ತಡ ಏರಿಸಿ ನೋಡಲಾ?

ಗೇಜ್ ಹಿಡಿದವಳು
22 ಪಿಎಸ್‌ಐನಲ್ಲಿ ಸಣ್ಣ ಲೀಕ್ ಗುಳ್ಳೆ ಕೊಡುವುದು ಕಷ್ಟ, ಅದಕ್ಕೇ ಕಂಡಿಲ್ಲ. ಒತ್ತಡ ಏರಿಸಬೇಕು ಅನ್ನುವುದು ಸರಿ. ಆದರೆ ಬ್ರೇಕಿನ ಗಾಳಿ ಬೇಡ. ಒಂದು, ಅದರಲ್ಲಿ ತೇವ ಇರುತ್ತದೆ. ಎರಡು, ಆರ್-134ಎ ಗಾಳಿ ಜೊತೆ ಸೇರಿ ಒತ್ತಡದಲ್ಲಿದ್ದರೆ ಹೊತ್ತಿಕೊಳ್ಳುವ ಅಪಾಯ ಇದೆ. ಆಕ್ಸಿಜನ್ ಸಿಲಿಂಡರ್ ಅಂತೂ ಹತ್ತಿರಕ್ಕೂ ತರಬೇಡಿ. ಆಯಿಲ್ ಮತ್ತು ಆಕ್ಸಿಜನ್ ಸೇರಿದರೆ ಸಿಡಿಯುತ್ತದೆ.

ಒಣ ನೈಟ್ರೋಜನ್ ಬೇಕು, ರೆಗ್ಯುಲೇಟರ್ ಸಮೇತ. 150 ಪಿಎಸ್‌ಐ ಸಾಕು. ಅದಕ್ಕೂ ಮುಂಚೆ ಒಳಗೆ ಉಳಿದ ಗ್ಯಾಸನ್ನು ಮಶಿನ್ನಿನಲ್ಲಿ ಎಳೆಸಿಬಿಡಿ, ಗಾಳಿಗೆ ಬಿಡಬೇಡಿ. ಹಲವು ದೇಶಗಳಲ್ಲಿ ಅದು ಕಾನೂನಿಗೇ ವಿರುದ್ಧ. ಈ ಗ್ಯಾಸ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 1,430 ಪಟ್ಟು ಜಾಸ್ತಿ ಭೂಮಿಯನ್ನು ಕಾಯಿಸುತ್ತದೆ. ನಿಮ್ಮ 950 ಗ್ರಾಂ ಅಂದರೆ 1,350 ಕಿಲೋ ಇಂಗಾಲದ ಡೈಆಕ್ಸೈಡಿನ ಮೇಲಾಯಿತು. ಎರಡು ಸಲ ಆಗಿದೆ ಬೇರೆ. ಬೈಯುತ್ತಿಲ್ಲ, ಸುಮ್ನೆ ಲೆಕ್ಕ ಹೇಳಿದೆ.

ಕನ್ನಡಕ, ಕೈಗವಸು ಮರೆಯಬೇಡಿ. ದ್ರವ ಚರ್ಮಕ್ಕೆ ತಾಗಿದರೆ ಮೈನಸ್ 26 ಡಿಗ್ರಿಯಲ್ಲಿ ಕುದಿಯುವ ವಸ್ತು ಅದು, ಸುಟ್ಟ ಹಾಗೇ ಆಗುತ್ತದೆ. ಬೀಡಿ ಸಿಗರೇಟು ದೂರ ಇರಲಿ. ಬೆಂಕಿ ತಾಗಿದರೆ ಈ ಗ್ಯಾಸ್ ವಿಷದ ಹೊಗೆಯಾಗುತ್ತದೆ.

ಹಳೇ ಸ್ಪ್ಯಾನರ್
ಸೋಪು ಹಾಕುವ ಮುಂಚೆ ಕಣ್ಣಿಂದ ಒಂದು ಸುತ್ತು ನೋಡಿ. ಗ್ಯಾಸ್ ಹೋಗುವಾಗ ಆಯಿಲ್ ಜೊತೆಗೇ ಹೋಗುತ್ತದೆ. ಆಯಿಲ್ ಇದ್ದ ಕಡೆ ಧೂಳು ಕೂರುತ್ತದೆ. ಉಳಿದ ಪೈಪ್ ಎಲ್ಲಾ ಬೂದಿ ಬಣ್ಣ ಇದ್ದು ಒಂದು ಕಡೆ ಮಾತ್ರ ಕಪ್ಪಗೆ ಜಿಡ್ಡು ಕಂಡರೆ ಅಲ್ಲೇ ಕೈ ಹಾಕಿ. ಮರೆಯುವ ಜಾಗ ಅಂದರೆ ಗೇಜ್ ಹಾಕುವ ವಾಲ್ವಿನ ಪಿನ್. ಅದರ ಮುಚ್ಚಳ ಬರೀ ಧೂಳಿಗಲ್ಲ, ಒಳಗೆ ರಬ್ಬರ್ ಇದೆ, ಅದೂ ಒಂದು ಸೀಲೇ.

ಹತ್ತು ಚಕ್ರ
ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಉಳಿದ ಗ್ಯಾಸ್ ಎಳೆಸಿದೆ. ಕ್ಯಾಬಿನ್ ಎತ್ತಿ ನೈಟ್ರೋಜನ್ 150ಕ್ಕೆ ನಿಲ್ಲಿಸಿದೆ. ಕಂಪ್ರೆಸರ್, ಕಂಡೆನ್ಸರ್, ಡ್ರೈಯರ್, ವಾಲ್ವ್ ಪಿನ್ ಎಲ್ಲಾ ಕಡೆ ಸೋಪು. ಒಂದು ಗಂಟೆ ಕಾದೆ. ಮುಳ್ಳು ಅಲ್ಲಾಡಲಿಲ್ಲ. ಲೀಕೇ ಇಲ್ಲ ಅಂದುಕೊಂಡು ಖುಷಿಯಾಗಿ ಎಲ್ಲಾ ಮುಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ 90! ರಾತ್ರಿ ಚಳಿಗೆ ಇಳಿದಿರಬಹುದಾ?

ಗೇಜ್ ಹಿಡಿದವಳು
ಚಳಿಗೆ ಇಷ್ಟು ಇಳಿಯುವುದಿಲ್ಲ. 31 ಡಿಗ್ರಿ ಇದ್ದದ್ದು 24ಕ್ಕೆ ಬಂದರೂ ನೈಟ್ರೋಜನ್ 150ರಿಂದ 146ಕ್ಕೆ ಇಳಿಯಬಹುದು, ಅಷ್ಟೇ. ಉಳಿದ 56 ಹೊರಗೆ ಹೋಗಿದೆ.

ಒಂದು ಪ್ರಶ್ನೆ. "ಎಲ್ಲಾ ಮುಚ್ಚಿ ಮಲಗಿದೆ" ಅಂದಿರಲ್ಲ. ಕ್ಯಾಬಿನ್ ಕೂಡ ಇಳಿಸಿದಿರಾ?

ಹತ್ತು ಚಕ್ರ
ಹೌದು ಮೇಡಂ. ಎತ್ತಿದ ಕ್ಯಾಬಿನ್ ರಾತ್ರಿ ಹಾಗೇ ಬಿಡಲು ಧೈರ್ಯ ಬರಲಿಲ್ಲ.

ಗೇಜ್ ಹಿಡಿದವಳು
ಹಾಗಾದರೆ ನೋಡಿ. ಎತ್ತಿದಾಗ ಒಂದು ಗಂಟೆ ಅಲ್ಲಾಡಲಿಲ್ಲ. ಇಳಿಸಿದ ಮೇಲೆ ಹೋಯಿತು. ಮೆಕ್ಯಾನಿಕ್ ನೋಡಿದ್ದೂ ಎತ್ತಿಯೇ. ಕಂಪ್ರೆಸರ್ ಇರುವುದು ಎಂಜಿನ್ ಮೇಲೆ, ಕೂಲಿಂಗ್ ಕಾಯಿಲ್ ಇರುವುದು ಕ್ಯಾಬಿನ್ ಒಳಗೆ. ಇವೆರಡರ ನಡುವಿನ ಪೈಪು ಕ್ಯಾಬಿನ್ ಎತ್ತಿದಾಗೆಲ್ಲ ಒಂದು ಥರ ಬಾಗುತ್ತದೆ, ಇಳಿಸಿದಾಗ ಇನ್ನೊಂದು ಥರ. ಇಳಿಸಿದಾಗ ಮಾತ್ರ ಬಾಯಿ ಬಿಡುವ ಲೀಕ್ ಇರಬಹುದು.

ಮತ್ತೆ 150 ತುಂಬಿ. ಕ್ಯಾಬಿನ್ ಇಳಿಸಿ. ಮುಂದಿನ ಗ್ರಿಲ್ ತೆಗೆದು, ಚಕ್ರದ ಗೂಡಿನ ಕಡೆಯಿಂದ ಉದ್ದ ಪೈಪಿನ ಸ್ಪ್ರೇ ಮತ್ತು ಸಣ್ಣ ಕನ್ನಡಿ ತೂರಿಸಿ ನೋಡಿ. ಎಂಜಿನ್ ಆಫ್ ಇರಲಿ, ಚಕ್ರಕ್ಕೆ ಅಡ್ಡ ಕೊಡಿ.

ಲೋಡ್ ಗಾಡಿ
ಇದು ನನಗೆ ಹೊಳೆಯುತ್ತಲೇ ಇರಲಿಲ್ಲ. ನೋಡೋಣ ಏನಾಗುತ್ತೆ.

ಬೆಟ್ಟದ ದಾರಿ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೈಬೇಡಿ. ನನ್ನ ಗಾಡಿಗೆ ವ್ಯಾಕ್ಯೂಮ್ ಹೊಡೆದರೆ, ಅಂದರೆ ಎಸಿ ಪೈಪಿನೊಳಗಿನ ಗಾಳಿ, ತೇವ ಪಂಪಿನಿಂದ ಎಳೆದರೆ, ಗೇಜ್ ಪಾದರಸದ ಲೆಕ್ಕದಲ್ಲಿ 27 ಇಂಚಿಗೇ ನಿಲ್ಲುತ್ತದೆ, 29 ದಾಟುವುದಿಲ್ಲ. ಪಂಪ್ ಹೋಯಿತಾ?

ಹಳೇ ಸ್ಪ್ಯಾನರ್
ಎಷ್ಟು ಎತ್ತರದ ಊರು ಮೊದಲು ಹೇಳಿ. ಸಮುದ್ರ ಮಟ್ಟದಿಂದ ಪ್ರತಿ 300 ಮೀಟರಿಗೆ ಸುಮಾರು ಒಂದು ಇಂಚು ಕಮ್ಮಿ ತೋರಿಸುತ್ತದೆ. 900 ಮೀಟರ್ ಎತ್ತರದಲ್ಲಿದ್ದರೆ 27 ಅನ್ನುವುದು ಸರಿಯಾಗೇ ಇದೆ. ನಿಜ ತಿಳಿಯಬೇಕಾದರೆ ವ್ಯಾಕ್ಯೂಮನ್ನು ಸೂಕ್ಷ್ಮವಾಗಿ ಅಳೆಯುವ ಮೈಕ್ರಾನ್ ಗೇಜ್ ಬೇಕು. 500 ಮೈಕ್ರಾನಿಗಿಂತ ಕೆಳಗೆ ಬಂದು, ಪಂಪ್ ನಿಲ್ಲಿಸಿದ ಮೇಲೂ ಅಲ್ಲೇ ಹತ್ತಿರ ನಿಂತರೆ ಒಳಗೆ ಒಣಗಿದೆ ಅಂತ ಅರ್ಥ.

ಹತ್ತು ಚಕ್ರ
ಸಿಕ್ಕಿತು!!

ಕ್ಯಾಬಿನ್ ಇಳಿಸಿ, ಎಡ ಚಕ್ರದ ಗೂಡಿನಿಂದ ಟಾರ್ಚ್ ಬಿಟ್ಟೆ. ಕಂಪ್ರೆಸರಿಗೆ ವಾಪಸ್ ಬರುವ ದಪ್ಪ ಪೈಪ್, ಕ್ಯಾಬಿನ್ ಕೀಲಿನ ಹತ್ತಿರ, ರಬ್ಬರ್ ಹೋಗಿ ಅಲ್ಯೂಮಿನಿಯಂ ಕೊಳವೆಗೆ ಸೇರುವ ಕಡೆ ಒತ್ತಿ ಕೂರಿಸಿದ ಬಳೆ ಇರುತ್ತಲ್ಲ, ಅದರ ಅಂಚಿನಲ್ಲಿ. ಸೋಪು ಹಾಕಿದ ಕೂಡಲೇ ಏನೂ ಇಲ್ಲ. ಹತ್ತು ಎಣಿಸುವಷ್ಟರಲ್ಲಿ ಗುಂಡುಸೂಜಿ ತಲೆಯಷ್ಟು ಗುಳ್ಳೆಗಳು ಸಾಲಾಗಿ ಬಂದವು. ಬಳೆಯ ಒಂದೇ ಪಕ್ಕದಲ್ಲಿ, ಅರ್ಧಚಂದ್ರದ ಹಾಗೆ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳಿಗೆ ಏನೂ ಅನ್ನಿಸಲಿಲ್ಲ, ಆ ಮಾತು ಬೇರೆ.

ಪೈಪನ್ನು ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿದರೆ ಗುಳ್ಳೆ ನಿಲ್ಲುತ್ತದೆ. ಬಿಟ್ಟರೆ ಮತ್ತೆ ಶುರು. ಬಳೆಯ ಕೆಳಗೆ ಹಳೇ ಸ್ಪ್ಯಾನರ್ ಅಣ್ಣ ಹೇಳಿದ ಹಾಗೇ ಕಪ್ಪು ಜಿಡ್ಡು, ಬೆರಳಿಟ್ಟರೆ ಅಂಟಿತು. ಮೇಲಿಂದ ನೋಡಿದರೆ ಆ ಜಾಗ ಕಾಣುವುದೇ ಇಲ್ಲ.

ಇನ್ನೊಂದು ವಿಷಯ. ಆ ಪೈಪನ್ನು ಹಿಡಿದು ನಿಲ್ಲಿಸುವ ಕ್ಲಿಪ್ ಅಲ್ಲಿ ಇಲ್ಲ. ಸ್ಕ್ರೂ ತೂತು ಮಾತ್ರ ಖಾಲಿ ಇದೆ. ಹೋದ ವರ್ಷ ಎಂಜಿನ್ ಕೆಲಸಕ್ಕೆ ಬಿಟ್ಟಿದ್ದೆ. ಬಿಚ್ಚಿದವರು ವಾಪಸ್ ಹಾಕಿಲ್ಲ ಅನ್ನಿಸುತ್ತದೆ.

ಹಳೇ ಸ್ಪ್ಯಾನರ್
ಕ್ಲಿಪ್ಪೇ ಮೂಲ. ಅದಿಲ್ಲದೆ ಕ್ಯಾಬಿನ್ ಇಳಿದಾಗೆಲ್ಲ ಪೈಪಿನ ಭಾರ ಬಳೆಯ ಮೇಲೆ ಬಿದ್ದಿದೆ, ಮೇಲಿಂದ ಓಡುವಾಗಿನ ನಡುಕ. ಪೈಪ್ ಬದಲಿಸಿ ಕ್ಲಿಪ್ ಹಾಕದೇ ಬಿಟ್ಟರೆ ಮುಂದಿನ ವರ್ಷ ಮತ್ತೆ ಇಲ್ಲೇ ಬಂದು ಬರೆಯುತ್ತೀರಿ. ಹೊಸ ಪೈಪ್ ಎಸಿಗೆ ಅಂತಲೇ ಬರುವುದು ಇರಲಿ, ಒಳಗೆ ಗ್ಯಾಸ್ ತಡೆಯುವ ನೈಲಾನ್ ಪದರ ಇರುತ್ತದೆ. ಬಳೆಯನ್ನು ಅದರ ಮಶಿನ್ನಿನಲ್ಲೇ ಒತ್ತಿಸಿ. ಡೀಸೆಲ್ ಪೈಪಿಗೆ ಹಾಕುವ ಕ್ಲ್ಯಾಂಪ್ ಬಿಗಿದು ತರುವವರು ಇದ್ದಾರೆ, ತರಬೇಡಿ.

ಗೇಜ್ ಹಿಡಿದವಳು
ಪೈಪ್ ಜೊತೆ ಡ್ರೈಯರ್ ಹೊಸದು ಹಾಕಿ. ಒಳಗಿನ ತೇವ ಹೀರುವ ಕಾಳುಗಳು ಇಷ್ಟು ದಿನದಲ್ಲಿ ತುಂಬಿಹೋಗಿರುತ್ತವೆ. ಅದರ ಮುಚ್ಚಳವನ್ನು ಕೊನೆಯಲ್ಲಿ ತೆಗೆಯಿರಿ, ಮೊದಲೇ ಬಿಚ್ಚಿಟ್ಟರೆ ಹೊಸದೂ ಹಳೆಯದಾಗುತ್ತದೆ. ತೇವ ಒಳಗೆ ಉಳಿದರೆ ಎಕ್ಸ್‌ಪ್ಯಾನ್ಷನ್ ವಾಲ್ವಿನ ಬಾಯಲ್ಲಿ ಮಂಜುಗಟ್ಟುತ್ತದೆ. ಅರ್ಧ ಗಂಟೆ ತಂಪು, ಆಮೇಲೆ ಬಿಸಿ, ಸ್ವಲ್ಪ ಹೊತ್ತು ಆಫ್ ಮಾಡಿಟ್ಟರೆ ಮತ್ತೆ ತಂಪು. ಅಂಥ ಗಾಡಿಗೆ ಎಷ್ಟು ಗ್ಯಾಸ್ ಹಾಕಿದರೂ ಅಷ್ಟೇ.

ಬಿಚ್ಚಿದ ಜಾಯಿಂಟಿನ ಓ-ರಿಂಗ್ ಎಲ್ಲಾ ಹೊಸದು, ಹಾಕುವ ಮುಂಚೆ ಆಯಿಲ್ ಸವರಿ. ಒಣಗಿದ್ದನ್ನು ಬಿಗಿದರೆ ತಿರುಚಿ ಹರಿಯುತ್ತದೆ. ಆಯಿಲ್ ಯಾವುದು ಅಂತ ಕಂಪ್ರೆಸರ್ ಮೇಲೆ ಬರೆದಿರುತ್ತದೆ. ಪಿಎಜಿ ಅನ್ನುವ ಎಸಿ ಆಯಿಲಿನಲ್ಲಿ 46, 100, 150 ಹೀಗೆ ಬೇರೆ ಬೇರೆ ದಪ್ಪ ಇವೆ, ಬರೆದದ್ದೇ ಹಾಕಿ. ಬಾಟಲಿ ತೆರೆದಿಡಬೇಡಿ, ಗಾಳಿಯ ತೇವ ಕುಡಿಯುತ್ತದೆ.

ಆಮೇಲೆ ವ್ಯಾಕ್ಯೂಮ್, ಕಮ್ಮಿ ಅಂದರೆ 45 ನಿಮಿಷ. ಟ್ರಕ್ ಪೈಪು ಉದ್ದ, ಆತುರ ಬೇಡ. 30 ಡಿಗ್ರಿಯಲ್ಲಿ ಒಳಗಿನ ನೀರು ಕುದ್ದು ಆವಿಯಾಗಿ ಹೋಗಬೇಕಾದರೆ ಸಮುದ್ರ ಮಟ್ಟದಲ್ಲಿ ಗೇಜ್ 28.7 ಇಂಚು ದಾಟಬೇಕು. ಪಂಪ್ ನಿಲ್ಲಿಸಿ ಅರ್ಧ ಗಂಟೆ ಮುಳ್ಳು ನೋಡಿ. ನಿಮ್ಮ ವಿಷಯದಲ್ಲಿ ಇನ್ನೊಂದು ಸೇರಿಸುತ್ತೇನೆ: ಕ್ಯಾಬಿನ್ ಇಳಿಸಿಯೇ ನೋಡಿ.

ಫ್ಯೂಸ್
ಗ್ಯಾಸ್ ತುಂಬುವಾಗ ಎರಡೂ ವಾಲ್ವ್ ಬಿಟ್ಟರೆ ಬೇಗ ಹೋಗುತ್ತೆ ಅಲ್ವಾ?

ಗೇಜ್ ಹಿಡಿದವಳು
ಎಂಜಿನ್ ಓಡುವಾಗ ಗೇಜ್ ಸೆಟ್ಟಿನ ಕೆಂಪು ವಾಲ್ವ್, ಅಂದರೆ ಜಾಸ್ತಿ ಒತ್ತಡದ ಕಡೆಯದ್ದು, ಮುಟ್ಟಲೇಬಾರದು. ಆ ಕಡೆ 200 ಪಿಎಸ್‌ಐ ಮೇಲೆ ಇರುತ್ತದೆ, ಅದು ವಾಪಸ್ ಗ್ಯಾಸ್ ಡಬ್ಬಿಗೆ ನುಗ್ಗಿದರೆ ಡಬ್ಬಿ ಒಡೆಯುತ್ತದೆ. ಕ್ರಮ ಹೀಗೆ: ವ್ಯಾಕ್ಯೂಮ್ ಇರುವಾಗಲೇ, ಎಂಜಿನ್ ಆಫ್ ಇಟ್ಟು, ಕೆಂಪು ಕಡೆಯಿಂದ ದ್ರವ ಬಿಡಿ. ಅರ್ಧದ ಮೇಲೆ ತಾನೇ ಹೋಗುತ್ತದೆ. ಕೆಂಪು ಮುಚ್ಚಿ. ಕಂಪ್ರೆಸರ್ ಮುಂದಿನ ತಟ್ಟೆಯನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ, ಒಳಗೆ ದ್ರವ ನಿಂತಿದ್ದರೆ ಸರಿಯುತ್ತದೆ. ಆಮೇಲೆ ಎಂಜಿನ್ ಚಾಲೂ ಮಾಡಿ ಉಳಿದದ್ದನ್ನು ನೀಲಿ ಕಡೆಯಿಂದ, ಅಂದರೆ ಕಮ್ಮಿ ಒತ್ತಡದ ಕಡೆಯಿಂದ, ಸಿಲಿಂಡರ್ ನೆಟ್ಟಗೆ ನಿಲ್ಲಿಸಿ, ಬರೀ ಆವಿಯಾಗಿ ಬಿಡಿ. ತಕ್ಕಡಿ 950 ತೋರಿಸಿದಾಗ ನಿಲ್ಲಿಸಿ. "ಇನ್ನೊಂದು ಐವತ್ತು ಗ್ರಾಂ ಇರಲಿ" ಅನ್ನುವ ಉದಾರತನ ಇಲ್ಲಿ ಬೇಡ. ಜಾಸ್ತಿಯಾದರೆ ಕಂಡೆನ್ಸರಿನಲ್ಲಿ ದ್ರವ ತುಂಬಿ ಒತ್ತಡ ಏರುತ್ತದೆ, ತಂಪು ಕಮ್ಮಿಯಾಗುತ್ತದೆ.

ಹತ್ತು ಚಕ್ರ
ಮುಗಿಯಿತು. ಪೈಪ್, ಡ್ರೈಯರ್, ಆರು ಓ-ರಿಂಗ್, ಒಳಗೆ ರಬ್ಬರ್ ಇರುವ ಕ್ಲಿಪ್. ಕ್ಯಾಬಿನ್ ಇಳಿಸಿ ನೈಟ್ರೋಜನ್ ಒಂದು ರಾತ್ರಿ ಬಿಟ್ಟೆ: ಸಂಜೆ 150, ಬೆಳಿಗ್ಗೆ 147. ನಿಮ್ಮ ಲೆಕ್ಕವೇ ಮೇಡಂ. ಆಮೇಲೆ ಒಂದು ಗಂಟೆ ವ್ಯಾಕ್ಯೂಮ್, ತೂಕ ಮಾಡಿ 950.

ಹೊರಗೆ 33 ಡಿಗ್ರಿ ಇರುವಾಗ ಎಂಜಿನ್ ನಿಮಿಷಕ್ಕೆ 1,500 ಸುತ್ತಿನಲ್ಲಿ ಓಡಿಸಿಟ್ಟು ನೋಡಿದೆ. ನೀಲಿ 32, ಕೆಂಪು 260. ಮಧ್ಯದ ಕಿಂಡಿಯಲ್ಲಿ ಥರ್ಮಾಮೀಟರ್ 13 ಡಿಗ್ರಿ. ಹಿಂದೆ ಇದಕ್ಕಿಂತ ಚಳಿ ಇತ್ತು ಅನ್ನಿಸುತ್ತದೆ. ಗ್ಯಾಸ್ ಸರಿಯಾಗಿ ಅಳೆದಿದ್ದೇನೆ.

ಹಳೇ ಸ್ಪ್ಯಾನರ್
ಗ್ಯಾಸ್ ಮುಟ್ಟಬೇಡಿ. ಕೆಂಪು ಕಡೆ ಸ್ವಲ್ಪ ಜಾಸ್ತಿ ಇದೆ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಟಾರ್ಚ್ ಬಿಡಿ. ಮುಂದಿನಿಂದ ಕ್ಲೀನ್ ಕಂಡರೂ ಆ ಸಂದಿಯಲ್ಲಿ ಹುಲ್ಲು, ಹುಳ, ಧೂಳು ಕಂಬಳಿ ಥರ ಕೂತಿರುತ್ತದೆ. ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಿರಿ. ಪ್ರೆಶರ್ ಗನ್ ಬೇಡ, ರೆಕ್ಕೆಗಳು ಮಲಗಿಬಿಡುತ್ತವೆ. ಎಂಜಿನ್ ಬಿಸಿಯಾದಾಗ ಫ್ಯಾನ್ ಜೋರಾಗಿ ಹಿಡಿಯುತ್ತದಾ ಅಂತಲೂ ಗಮನಿಸಿ.

ಹತ್ತು ಚಕ್ರ
ಒಂದು ಬುಟ್ಟಿ ಕಸ ಬಂತು ಅಣ್ಣ. ಈಗ ಅದೇ 33 ಡಿಗ್ರಿಯಲ್ಲಿ ಕೆಂಪು 215, ಕಿಂಡಿಯಲ್ಲಿ 8 ಡಿಗ್ರಿ.

ರಾತ್ರಿ ಡ್ಯೂಟಿ
ಚರ್ಚೆ ಓದಿದೆ, ತುಂಬಾ ಉಪಯೋಗವಾಯಿತು. ನನ್ನದು ಬೇರೆ ರೋಗ. ಬೆಳಿಗ್ಗೆ ಎಸಿ ಚೆನ್ನಾಗಿರುತ್ತದೆ. ಎರಡು ಗಂಟೆ ಓಡಿಸಿದ ಮೇಲೆ ಕ್ಲಚ್ ಬಿಟ್ಟುಬಿಡುತ್ತದೆ. ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಕಚ್ಚುತ್ತದೆ. ಗ್ಯಾಸ್ ತೂಕ ಸರಿ ಇದೆ.

ಗೇಜ್ ಹಿಡಿದವಳು
ಬಿಟ್ಟಿರುವ ಹೊತ್ತಿನಲ್ಲೇ ಕ್ಲಚ್ಚಿನ ಕಾಯಿಲಿಗೆ ಕರೆಂಟ್ ಬರುತ್ತಿದೆಯಾ ನೋಡಿ. 24 ವೋಲ್ಟ್ ಪೂರ್ತಿ ಬಂದೂ ಕಚ್ಚದಿದ್ದರೆ ಕ್ಲಚ್ ತಟ್ಟೆಯ ಸಂದಿ ಸವೆದು ಅಗಲವಾಗಿದೆ. ಬಿಸಿಯಾದ ಕಾಯಿಲಿನ ಸೆಳೆತ ಕಮ್ಮಿಯಾಗುತ್ತದೆ, ಅಷ್ಟು ದೂರದಿಂದ ಎಳೆಯಲು ಆಗುವುದಿಲ್ಲ. ಸಂದಿಗೆ ಫೀಲರ್ ಗೇಜ್ ಹಾಕಿ. ಎಷ್ಟೋ ಕಂಪ್ರೆಸರಿಗೆ 0.4ರಿಂದ 0.8 ಮಿಲಿಮೀಟರ್ ಇರಬೇಕು. ಜಾಸ್ತಿ ಇದ್ದರೆ ಒಳಗಿನ ಒಂದು ತೆಳು ವಾಷರ್ ತೆಗೆದರೆ ಸಾಕು, ಗ್ಯಾಸ್ ಬಿಚ್ಚುವುದೂ ಬೇಡ. ಕರೆಂಟೇ ಬರದಿದ್ದರೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಗೊಂದಲ ಬೇಡ.

ಹತ್ತು ಚಕ್ರ
ಏಳು ವಾರ ಆಯಿತು. ಕಿಂಡಿಯಲ್ಲಿ ಈಗಲೂ 8, ಕೆಲವು ದಿನ 9. ಆ ಹಳೇ ಪೈಪನ್ನು ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋಗಿ, ಬಗ್ಗಿಸಿ ತೋರಿಸಿದೆ. ಅವರು ಜಗಳಕ್ಕೆ ಬರಲಿಲ್ಲ. ಪೈಪನ್ನು ಇಟ್ಟುಕೊಂಡರು, ಹುಡುಗರಿಗೆ ತೋರಿಸುತ್ತಾರಂತೆ.

ಲೋಡ್ ಗಾಡಿ
ಇವತ್ತು ಸುಮ್ನೆ ನನ್ನ ಗಾಡಿಯ ಕೆಳಗೂ ಟಾರ್ಚ್ ಬಿಟ್ಟೆ. ಅಲ್ಲೂ ಆ ಕ್ಲಿಪ್ ಇಲ್ಲ. ತೂತು ಮಾತ್ರ ಇದೆ. ಎಷ್ಟು ಅಳತೆಯದ್ದು ತಂದಿರಿ?

ಹತ್ತು ಚಕ್ರ
ನನ್ನ ಅಳತೆ ನಿಮಗೆ ಆಗದೇ ಇರಬಹುದು. ಪೈಪಿನ ಹೊರಗಿನ ದಪ್ಪ ಅಳೆದುಕೊಂಡು ಹೋಗಿ. ಕ್ಯಾಬಿನ್ ಇಳಿಸಿಟ್ಟು ಅಳೆಯಿರಿ.